ಕುಮಾರಪರ್ವತದ ಕಾಲ್ದಾರಿಗಳು: ಯಾರಿಗೆ ಯಾವುದು?

ಮಳೆಗಾಲ ಕಳೆದು ಬಿಸಿಲು ಬಿದ್ದೊಡನೆ ನಮ್ಮ ಸದಸ್ಯರ ಮನೆಗಳಿಗೆ ಪೇಟೆಯ ನೆಂಟರಿಷ್ಟರು ಬರತೊಡಗುತ್ತಾರೆ. ಬಂದವರು ಕೇಳುವ ಮೊದಲ ಮಾತು ಕುಮಾರಪರ್ವತದ್ದು. ಬೆಟ್ಟದ ಬುಡದಲ್ಲೇ ತೋಟ ಮಾಡುವ ನಮ್ಮಲ್ಲಿಯೂ ಅನೇಕರು ಅದರ ತುದಿ ಕಂಡವರಲ್ಲ. ಆದಕಾರಣ ದಾರಿಗಳ ವಿವರವನ್ನೂ, ಬೆಟ್ಟಕ್ಕೂ ನಮ್ಮ ತೋಟಕ್ಕೂ ಇರುವ ಸಂಬಂಧವನ್ನೂ ಇಲ್ಲಿ ತಿಳಿಸುತ್ತಿದ್ದೇವೆ.

ಪುಷ್ಪಗಿರಿ ಎಂದೂ ಹೆಸರಿರುವ ಈ ಶಿಖರದ ಎತ್ತರ 1,712 ಮೀಟರ್, ಅಂದರೆ ಸುಮಾರು 5,600 ಅಡಿ. ಮೂಡಲ ಮಗ್ಗುಲಿನಲ್ಲಿ ಸೋಮವಾರಪೇಟೆ ತಾಲ್ಲೂಕಿನ ಕಾಫಿ, ಏಲಕ್ಕಿ ತೋಟಗಳು. ಪಡುವಲ ಬುಡದಲ್ಲಿ ಕುಕ್ಕೆ ಸುಬ್ರಹ್ಮಣ್ಯ ಸೀಮೆಯ ಅಡಿಕೆ ತೋಟಗಳು. ಬೆಟ್ಟವು ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದೆ. 2012ರಲ್ಲಿ ಪಶ್ಚಿಮ ಘಟ್ಟದ ವಿಶ್ವ ಪರಂಪರೆಯ ತಾಣಗಳ ಪಟ್ಟಿಯಲ್ಲಿ ಇದೂ ಸೇರಿತು.

1. ಮಕ್ಕಳು, ವಯಸ್ಸಾದವರಿಗೆ: ಮಲ್ಲಳ್ಳಿ

ಶಿಖರ ಹತ್ತಲಾಗದವರು ಮಲ್ಲಳ್ಳಿ ಜಲಪಾತ ನೋಡಿ ಬರಬಹುದು. ಸೋಮವಾರಪೇಟೆಯಿಂದ ಸುಮಾರು 25 ಕಿ.ಮೀ. ಬೆಟ್ಟದಿಂದ ಇಳಿದ ಕುಮಾರಧಾರೆ ಇಲ್ಲಿ ಧುಮುಕುತ್ತದೆ. ಕೆಳಗಿನವರೆಗೂ ಮೆಟ್ಟಿಲುಗಳಿವೆ. ಇಳಿಯುವುದು ಸುಲಭ, ಹತ್ತುವಾಗ ಉಬ್ಬಸ ಬರುತ್ತದೆ. ಮಂಡಿನೋವಿನವರು ಮೇಲಿನಿಂದಲೇ ನೋಡುವುದು ಲೇಸು. ನೀರಿಗಿಳಿಯುವುದು ಯಾರಿಗೂ ಬೇಡ. ಪಾಚಿಗಟ್ಟಿದ ಬಂಡೆ ಈಜು ಬಲ್ಲವನನ್ನೂ ಬಿಡುವುದಿಲ್ಲ.

2. ನಡೆದು ರೂಢಿಯಿದ್ದವರಿಗೆ: ಗಿರಿಗದ್ದೆ

ಕುಕ್ಕೆಯಿಂದ ಗಿರಿಗದ್ದೆಗೆ ಸುಮಾರು 6 ಕಿ.ಮೀ. ದಾರಿಯುದ್ದಕ್ಕೂ ದಟ್ಟ ಕಾಡಿನ ನೆರಳು. ಬೇರುಗಳ ಮೇಲೆ, ಕಲ್ಲುಗಳ ಮೇಲೆ ಬಿಡುವಿಲ್ಲದ ಏರು. ಸಾವಧಾನವಾಗಿ ಹತ್ತಿದರೆ ಮೂರು ತಾಸು ಹಿಡಿಯುತ್ತದೆ. ಮೊದಲ ಬಾರಿ ಬಂದವರು ಇಲ್ಲಿಗೇ ನಿಲ್ಲಿಸಿ ಹಿಂದಿರುಗಿದರೆ ಅದರಲ್ಲಿ ನಾಚಿಕೆಯೇನೂ ಇಲ್ಲ.

3. ಗಟ್ಟಿಗರಿಗೆ: ಸೋಮವಾರಪೇಟೆ ಕಡೆಯ ದಾರಿ

ಬೀದಳ್ಳಿ, ಹೆಗ್ಗಡೆಮನೆ ಕಡೆಯಿಂದ ಶಿಖರಕ್ಕೆ ಸುಮಾರು 7 ಕಿ.ಮೀ. ಘಟ್ಟದ ಮೇಲಿನಿಂದಲೇ ಹೊರಡುವುದರಿಂದ ಏರು ಕಡಿಮೆ. ಬಹುಪಾಲು ಕಾಡಿನ ದಾರಿ, ಬಿಸಿಲಿನ ಕಾಟವಿಲ್ಲ. ಶಿಖರ ಸಮೀಪಿಸಿದಾಗ ಮಾತ್ರ ಓರೆಬಂಡೆಗಳನ್ನು ಹತ್ತಬೇಕು. ಅವು ಒದ್ದೆಯಾಗಿದ್ದರೆ ಹಿಂದಿರುಗುವುದೇ ಜಾಣತನ.

4. ಪಳಗಿದವರಿಗೆ ಮಾತ್ರ: ಕುಕ್ಕೆಯಿಂದ ಶಿಖರ

ಇದು ಒಂದು ಕಡೆಗೇ ಸುಮಾರು 13 ಕಿ.ಮೀ.; ಏರುವ ಎತ್ತರ 5,000 ಅಡಿಗೂ ಮಿಗಿಲು. ಗಿರಿಗದ್ದೆ ದಾಟಿದ ಮೇಲೆ ಬೋಳು ಹುಲ್ಲುಗುಡ್ಡ, ತಲೆಯ ಮೇಲೆ ನೆರಳಿಲ್ಲ. ಕಲ್ಲುಮಂಟಪ, ಶೇಷಪರ್ವತ ದಾಟಿ, ಸ್ವಲ್ಪ ಇಳಿದು, ಮತ್ತೆ ಕಾಡು ಹೊಕ್ಕು ಹತ್ತಿದರೆ ತುದಿ. ಬೆಳಕು ಹರಿಯುವ ಮೊದಲೇ ಹೊರಡದಿದ್ದರೆ ಹಿಂದಿರುಗುವಾಗ ಕತ್ತಲಾಗುತ್ತದೆ. ಮಂಡಿಗೆ ಪೆಟ್ಟು ಬೀಳುವುದು ಹತ್ತುವಾಗಲ್ಲ, ಇಳಿಯುವಾಗ ಎಂಬುದನ್ನು ಮರೆಯಬಾರದು.

ಹೊರಡುವ ಮುನ್ನ

ಅರಣ್ಯ ಇಲಾಖೆಯ ಅನುಮತಿ ಅವಶ್ಯ. 2024ರ ಜನವರಿಯಲ್ಲಿ ರಜಾದಿನಗಳಂದು ವಿಪರೀತ ಜನ ನುಗ್ಗಿದ ಬಳಿಕ ಮುಂಗಡ ನೋಂದಣಿಯ ವ್ಯವಸ್ಥೆ ಬಂದಿದೆ. ಮಳೆಗಾಲದಲ್ಲಿಯೂ ಬೆಂಕಿಯ ಭಯವಿರುವ ಬೇಸಗೆಯಲ್ಲಿಯೂ ದಾರಿ ಮುಚ್ಚುವುದುಂಟು. ಮೊದಲೇ ವಿಚಾರಿಸಿ ಹೊರಡಿರಿ. ಶಿಖರದಲ್ಲಿ ರಾತ್ರಿ ತಂಗುವಂತಿಲ್ಲ. ಆಳಿಗೆ ಮೂರು ಲೀಟರ್ ನೀರು, ಬುತ್ತಿ, ಟಾರ್ಚು, ಇಂಬಳಕ್ಕೆ ಹೊಗೆಸೊಪ್ಪು-ಸುಣ್ಣ ಜೊತೆಗಿರಲಿ. ಆನೆಯ ಲದ್ದಿ ಹಸಿಯಾಗಿ ಕಂಡರೆ ಮುಂದುವರಿಯಬೇಡಿ. ಗುಡುಗು ಕೇಳಿದರೆ ಬೋಳುಗುಡ್ಡದಿಂದ ಕೂಡಲೇ ಇಳಿಯಿರಿ.

ಬೆಳೆಗಾರರಿಗೆ ಅನುಕೂಲವಾದ ಕಾಲ ಯಾವುದು? ಮಳೆ ಹಿಂದೆಗೆದು, ಅಡಿಕೆಗೆ ಔಷಧಿ ಹೊಡೆಯುವ ಕೆಲಸ ಮುಗಿದು, ಅರೇಬಿಕಾ ಕೊಯ್ಲು ಇನ್ನೂ ಬಿರುಸಾಗದ ದಿನಗಳು. ಆ ಬಿಡುವು ಕೆಲವೇ ವಾರಗಳದ್ದು.

ಬೆಟ್ಟವೇ ನಮ್ಮ ನೀರಿನ ಕಣಜ

ಇನ್ನು ಮುಖ್ಯ ವಿಷಯ. ಕುಮಾರಧಾರೆ ಹುಟ್ಟುವುದು ಈ ಬೆಟ್ಟದಲ್ಲಿ. ಮಲ್ಲಳ್ಳಿಯಲ್ಲಿ ಧುಮುಕಿ, ಕುಕ್ಕೆಯಲ್ಲಿ ಯಾತ್ರಿಕರಿಗೆ ಸ್ನಾನದ ನೀರಾಗಿ, ಅಡಿಕೆ ತೋಟಗಳ ನಡುವೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಮೇಲಿನ ಹುಲ್ಲುಗಾವಲೂ ಕಣಿವೆಯ ಶೋಲಾ ಕಾಡೂ ಮಳೆನೀರನ್ನು ಸ್ಪಂಜಿನಂತೆ ಹೀರಿಕೊಂಡು, ಬೇಸಗೆಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ನಾವು ತೋಡಿಗೆ ಕಟ್ಟ ಕಟ್ಟಿ ನಿಲ್ಲಿಸಿಕೊಳ್ಳುವುದೂ, ಹೂಮಳೆ ತಡವಾದಾಗ ಕಾಫಿಗೆ ಹಾಯಿಸುವುದೂ ಇಂಥ ನೀರನ್ನೇ.

ಒಂದು ಬೀಡಿಯ ತುಂಡು, ಅನ್ನ ಬೇಯಿಸಿ ಆರಿಸದೆ ಬಿಟ್ಟ ಒಲೆ, ಇಷ್ಟೇ ಸಾಕು. ಒಣಹುಲ್ಲಿನ ಗುಡ್ಡ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಹುಲ್ಲು ಮತ್ತೆ ಚಿಗುರೀತು. ಆದರೆ ಕಾಡಿನಂಚಿನ ಸಸಿಗಳು ಸುಟ್ಟು ಶೋಲಾ ವರ್ಷವರ್ಷವೂ ಹಿಂದೆ ಸರಿಯುತ್ತದೆ. ಬರಿದಾದ ನೆಲದ ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಹೀಗೆ ಮಣ್ಣು ಹೋದಂತೆಲ್ಲ ನೀರು ಹಿಡಿಯುವ ಶಕ್ತಿ ಕುಗ್ಗಿ, ಬೇಸಗೆಯಲ್ಲಿ ತೋಡು ಬೇಗ ಬತ್ತುತ್ತದೆ. ಬೆಂಕಿಯಿಟ್ಟವನು ಊರು ಸೇರಿರುತ್ತಾನೆ. ಪಂಪು ನಿಲ್ಲುವುದು ನಮ್ಮ ತೋಟದಲ್ಲಿ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ಅರಿಕೆ ಇಷ್ಟೇ. ಅತಿಥಿಗಳನ್ನು ಕಳುಹಿಸುವಾಗ ಅವರ ಶಕ್ತಿಗೆ ತಕ್ಕ ದಾರಿಯನ್ನೇ ತೋರಿಸಿರಿ. ಬೆಂಕಿಪೊಟ್ಟಣವನ್ನು ಮನೆಯಲ್ಲೇ ಇರಿಸಿಕೊಳ್ಳಿರಿ. ಒಯ್ದ ಪ್ಲಾಸ್ಟಿಕನ್ನು ಹಿಂದಕ್ಕೆ ತರಲು ಒಂದು ಕೈಚೀಲ ಕೊಡಿರಿ. ಗುಡ್ಡದಲ್ಲಿ ಹೊಗೆ ಕಂಡರೆ, ಅದು ಯಾರ ಗಡಿಯಲ್ಲಿದೆ ಎಂದು ನೋಡದೆ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿರಿ.