ಡಿಸ್ಚಾರ್ಜ್ ಆದ ಮೇಲೆ ರೋಗಿ ಯಾರ ಹೊಣೆ?

ಆಸ್ಪತ್ರೆಗೆ ದಾಖಲಾದ ರೋಗಿ ಮನೆಗೆ ಮರಳುವಷ್ಟರಲ್ಲಿ ಹಲವರ ಕೈ ದಾಟಿರುತ್ತಾರೆ. ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ ಎದೆನೋವು ಬಂದವರು ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗುತ್ತಾರೆ. ಅಲ್ಲಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ 70 ಕಿಲೋಮೀಟರ್ ದೂರದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ‘ರೆಫರ್’ ಆಗುತ್ತಾರೆ. ಕುಣಿಗಲ್ ಕಡೆಯವರು ತುಮಕೂರಿಗೆ ಬಾರದೆ ಮಂಗಳೂರು ಹೆದ್ದಾರಿ ಹಿಡಿದು ನೇರವಾಗಿ ರಾಜಧಾನಿ ಸೇರುವುದೂ ಉಂಟು. ಆಸ್ಪತ್ರೆಯ ಒಳಗೂ ತುರ್ತು ಘಟಕ, ಐಸಿಯು, ವಾರ್ಡ್ ಎಂದು ಜಾಗ ಬದಲಾಗುತ್ತದೆ. ಪಾಳಿ ಬದಲಾದಂತೆ ವೈದ್ಯರೂ ಶುಶ್ರೂಷಕಿಯರೂ ಬದಲಾಗುತ್ತಾರೆ. ಪ್ರತಿ ಬಾರಿಯೂ ರೋಗಿಯ ಜೊತೆ ಅವರ ಕಾಯಿಲೆಯ ಪೂರ್ತಿ ವಿವರವೂ ಮುಂದಿನವರ ಕೈ ಸೇರಬೇಕು. ಬಹಳ ಸಲ ರೋಗಿ ಮಾತ್ರ ಸೇರುತ್ತಾರೆ.

ಈ ಹಸ್ತಾಂತರಗಳಲ್ಲೆಲ್ಲ ಹೆಚ್ಚು ಅಪಾಯದ್ದು ಕೊನೆಯದು, ಅಂದರೆ ಆಸ್ಪತ್ರೆಯಿಂದ ಮನೆಗೆ ಹೋಗುವುದು. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮನೆಗೆ ಹೋದ ಕೆಲವೇ ವಾರಗಳಲ್ಲಿ ಚಿಕಿತ್ಸೆಯಿಂದಲೇ ಏನಾದರೊಂದು ತೊಂದರೆಯಾಗಿತ್ತು. ಅದರಲ್ಲಿ ಔಷಧದ ಪಾಲೇ ಹೆಚ್ಚು. 2009ರಲ್ಲಿ ಅಲ್ಲಿನ ಹಿರಿಯ ನಾಗರಿಕರ ವಿಮಾ ದಾಖಲೆಗಳನ್ನು ಪರಿಶೀಲಿಸಿದಾಗಲೂ, ಐವರಲ್ಲಿ ಒಬ್ಬರು 30 ದಿನದೊಳಗೆ ಮತ್ತೆ ದಾಖಲಾಗಿದ್ದು ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧ ಸುರಕ್ಷತೆಯ ಅಭಿಯಾನ ಆರಂಭಿಸಿದಾಗ ಗುರುತಿಸಿದ ಮೂರು ಆದ್ಯತೆಗಳಲ್ಲಿ ಈ ಹಸ್ತಾಂತರವೂ ಒಂದು.

ಮಾತ್ರೆಗಳು ಎಲ್ಲಿ ಎಡವಿಸುತ್ತವೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಬಿಪಿಗೆಂದು ವರ್ಷಗಳಿಂದ ‘ಆಮ್ಲಾಂಗ್’ ನುಂಗುತ್ತಿರುವ ಹಿರಿಯರೊಬ್ಬರಿಗೆ ಆಸ್ಪತ್ರೆಯಲ್ಲಿ ‘ಸ್ಟಾಮ್ಲೊ’ ಬರೆದುಕೊಟ್ಟರೆನ್ನಿ. ಹೆಸರು ಬೇರೆ, ಹಾಳೆ ಬೇರೆ. ಒಳಗಿರುವುದು ಆಮ್ಲೋಡಿಪಿನ್ ಎಂಬ ಒಂದೇ ಔಷಧ. ಹಳೆಯದನ್ನು ನಿಲ್ಲಿಸಿ ಎಂದು ಯಾರೂ ಬಾಯಿಬಿಟ್ಟು ಹೇಳದಿದ್ದರೆ ಎರಡೂ ಹೊಟ್ಟೆ ಸೇರುತ್ತವೆ. ಕಾಲು ಊದುತ್ತದೆ, ತಲೆ ಸುತ್ತುತ್ತದೆ, ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯುವುದಕ್ಕೂ ಅಷ್ಟು ಸಾಕು. ತದ್ವಿರುದ್ಧದ ತಪ್ಪೂ ಇದೆ. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್‌ನಂಥ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ ತೆಗೆದುಕೊಳ್ಳಬೇಕು. ತಂದ ಮಾತ್ರೆ ಮುಗಿಯಿತು, ಎದೆನೋವೂ ಇಲ್ಲ ಎಂದು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದೆಲ್ಲ ಬರೆದಿರುತ್ತದೆ ನಿಜ. ಆದರೆ ಅದು ಇಂಗ್ಲಿಷಿನಲ್ಲಿ, ‘1-0-1’, ‘ಬಿಡಿ’, ‘ಎಚ್‌ಎಸ್’ ಎಂಬ ಗುರುತುಗಳಲ್ಲಿ ಇರುತ್ತದೆ. ಮನೆಯಲ್ಲಿ ಮಾತ್ರೆ ಕೊಡುವ ಸೊಸೆಗೋ ಮೊಮ್ಮಗನಿಗೋ ಅದು ಅರ್ಥವಾಗದಿದ್ದರೆ ಆ ಹಾಳೆಯಿಂದ ರೋಗಿಗೆ ಏನೂ ಸಿಕ್ಕಂತಾಗಲಿಲ್ಲ.

ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿ ಕರ್ನಾಟಕದಲ್ಲಿ ಈಚೆಗೆ ಸುಧಾರಿಸಿದೆ. 2008ರಿಂದ 108 ಆಂಬುಲೆನ್ಸ್ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ಹೃದ್ರೋಗ ತಜ್ಞರನ್ನು ತಲುಪುತ್ತದೆ. ಅವರು ಖಚಿತಪಡಿಸಿದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು ನಂತರ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ರೋಗಿಗಿಂತ ಮೊದಲೇ ಮಾಹಿತಿ ಹೋಗಿ ಮುಟ್ಟುವುದು ಈ ಯೋಜನೆಯ ಜೀವಾಳ. ಹಿಂದಿರುಗುವ ದಾರಿಗೆ ಇಂಥದ್ದೊಂದು ಏರ್ಪಾಡಿಲ್ಲ. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದು ಬಂದ ರೋಗಿಗೆ ಏನಾಯಿತೆಂದು ಅವರನ್ನು ಕಳಿಸಿದ ಗುಬ್ಬಿಯ ವೈದ್ಯರಿಗೆ ತಿಳಿಯುವುದು ರೋಗಿಯೇ ಫೈಲು ಹಿಡಿದು ಮತ್ತೆ ಬಂದಾಗ.

ಬಾಣಂತಿಯರ ವಿಷಯದಲ್ಲಿ ಮಾತ್ರ ಈ ಹಸ್ತಾಂತರದ ಸರಪಳಿ ಪೂರ್ತಿಯಾಗಿದೆ. ಬಸಿರಿನಲ್ಲೇ ತಾಯಿ ಕಾರ್ಡ್ ಸಿಗುತ್ತದೆ. ತಪಾಸಣೆ, ಲಸಿಕೆ, ರಕ್ತದ ಪ್ರಮಾಣ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಹೆರಿಗೆಯಾದ ಮೇಲೆ ಮನೆಗೆ ಬಿಡಲು ನಗು-ಮಗು ವಾಹನವಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೇ ಬಂದು ಕೂಸಿನ ತೂಕ ನೋಡುತ್ತಾರೆ, ತಾಯಿಗೆ ಜ್ವರವಿದೆಯೇ, ರಕ್ತಸ್ರಾವವಿದೆಯೇ ಎಂದು ವಿಚಾರಿಸುತ್ತಾರೆ. ಆದರೂ ಇದೇ ಸರಪಳಿ ಎಷ್ಟು ಕ್ರೂರವಾಗಿ ಕಳಚಬಲ್ಲದು ಎಂಬುದನ್ನು ತುಮಕೂರು ಕಂಡಿದೆ. 2022ರ ನವೆಂಬರ್‌ನಲ್ಲಿ ತಾಯಿ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಜಿಲ್ಲಾ ಆಸ್ಪತ್ರೆಯಿಂದ ಹಿಂದಕ್ಕೆ ಕಳಿಸಲಾಗಿತ್ತೆನ್ನಲಾದ ಗರ್ಭಿಣಿಯೊಬ್ಬರು ಮನೆಯಲ್ಲೇ ಹೆತ್ತು, ಅವಳಿ ಕೂಸುಗಳೊಂದಿಗೆ ತೀರಿಕೊಂಡರು. ವೈದ್ಯೆ ಮತ್ತು ಶುಶ್ರೂಷಕಿಯರು ಅಮಾನತುಗೊಂಡರು. ಕಾರ್ಡ್ ಇರುವುದು ಚಿಕಿತ್ಸೆಗೆ ನೆರವಾಗಲೆಂದು. ಅದಿಲ್ಲವೆಂದು ಬಾಗಿಲು ಮುಚ್ಚುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಪಾರ್ಶ್ವವಾಯು, ಹೃದಯಾಘಾತ, ಕಿಡ್ನಿ ವೈಫಲ್ಯದಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯರಿಗೆ ಬಾಣಂತಿಗಿರುವ ಈ ಕಾರ್ಡೂ ಇಲ್ಲ, ದಿನ ಗೊತ್ತುಮಾಡಿದ ಮನೆಭೇಟಿಯೂ ಇಲ್ಲ. ಕೊರತೆಯಿರುವುದು ಇಲ್ಲೇ. ಇದನ್ನು ತುಂಬುವುದಕ್ಕೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಅಮೆರಿಕದ ಕೊಲರಾಡೊದಲ್ಲಿ ವೈದ್ಯ ಎರಿಕ್ ಕೋಲ್ಮನ್ ತಂಡ ಡಿಸ್ಚಾರ್ಜ್ ಆಗುವ ಹಿರಿಯರಿಗೆ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿತು. ಆ ಮಾರ್ಗದರ್ಶಿ ಆಸ್ಪತ್ರೆಯಲ್ಲೊಮ್ಮೆ, ಮನೆಯಲ್ಲೊಮ್ಮೆ ಭೇಟಿಯಾಗಿ, ಆಮೇಲೆ ಫೋನಿನಲ್ಲಿ ವಿಚಾರಿಸುತ್ತಿದ್ದರು. ಮಾತ್ರೆ ಸರಿಯಾಗಿದೆಯೇ, ದಾಖಲೆ ಕೈಯಲ್ಲಿದೆಯೇ, ಮುಂದಿನ ಭೇಟಿ ಯಾವಾಗ, ಯಾವ ಲಕ್ಷಣ ಕಂಡರೆ ಓಡಬೇಕು ಎಂಬ ನಾಲ್ಕು ವಿಷಯಕ್ಕೇ ಒತ್ತು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, 30 ದಿನದೊಳಗೆ ಮರುದಾಖಲಾದವರ ಪ್ರಮಾಣ ಮಾರ್ಗದರ್ಶಿ ಇಲ್ಲದವರಲ್ಲಿ ಶೇ 11.9, ಇದ್ದವರಲ್ಲಿ ಶೇ 8.3.

ನಮ್ಮಲ್ಲಿ ಆ ಮಾರ್ಗದರ್ಶಿಯ ಜಾಗದಲ್ಲಿ ಮನೆಯವರೇ ಇದ್ದಾರೆ. ವಾರ್ಡಿನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುವ ಹೆಂಡತಿಯೋ ಮಗನೋ ದಿನಗಟ್ಟಲೆ ಅಲ್ಲೇ ಇರುತ್ತಾರೆ. ಅವರಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಾರಾಯಣ ಹೃದಯಾಲಯದಲ್ಲಿ ಕೆಲಸ ಆರಂಭಿಸಿದ ನೂರಾ ಹೆಲ್ತ್ ಸಂಸ್ಥೆ ಮಾಡಿದ್ದು ಇದನ್ನೇ. ಶುಶ್ರೂಷಕಿಯರು ರೋಗಿಯ ಕಡೆಯವರನ್ನು ಕೂರಿಸಿ ಗಾಯದ ಆರೈಕೆ, ಕೈತೊಳೆಯುವ ಕ್ರಮ, ಊಟ, ಅಪಾಯದ ಲಕ್ಷಣಗಳನ್ನು ಅವರ ನುಡಿಯಲ್ಲೇ ಹೇಳಿಕೊಡುತ್ತಾರೆ. ಹೇಳಿದ್ದನ್ನು ಕೇಳಿದವರ ಬಾಯಿಂದಲೇ ಮತ್ತೆ ಹೇಳಿಸುವುದು ಇಂಥ ಕಲಿಕೆಯಲ್ಲಿ ಮುಖ್ಯ. ‘ಅರ್ಥವಾಯಿತಾ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ರಾತ್ರಿ ಯಾವ ಮಾತ್ರೆ ಕೊಡುತ್ತೀರಿ, ತೋರಿಸಿ’ ಎಂದಾಗ ಗೊಂದಲ ಹೊರಬೀಳುತ್ತದೆ. ಹೃದಯ ದುರ್ಬಲಗೊಂಡವರ ಮನೆಯವರಿಗೆ ಎರಡು ಮೂರು ದಿನದಲ್ಲಿ ತೂಕ ಸುಮಾರು ಎರಡು ಕಿಲೋ ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ ಕಾಯದೆ ವೈದ್ಯರನ್ನು ಕಾಣಬೇಕೆಂದು ಗೊತ್ತಿದ್ದರೆ ಇನ್ನೊಂದು ಐಸಿಯು ವಾಸ ತಪ್ಪಬಹುದು.

ರೋಗಿಗಿರುವ ಹಕ್ಕುಗಳೂ ಈ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತವೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಂತೆ ರೋಗಿ ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು. ಆಯುಷ್ಮಾನ್ ಭಾರತ್ ಯೋಜನೆಯ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ನಂತರದ 15 ದಿನಗಳ ಔಷಧ ಮತ್ತು ಪರೀಕ್ಷೆಯೂ ಸೇರಿದೆ. ಎಷ್ಟೋ ಮಂದಿ ಇದು ಗೊತ್ತಿಲ್ಲದೆ ಹೊರಗಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಹದಿನಾರನೆಯ ದಿನದಿಂದ ಮುಂದಿನದನ್ನು ಸ್ಥಳೀಯ ವ್ಯವಸ್ಥೆಯೇ ನೋಡಿಕೊಳ್ಳಬೇಕು, ಅದರ ಕೆಲಸ ಮೊದಲ ವಾರದಲ್ಲೇ ಶುರುವಾಗಬೇಕು. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾಗಿ ನಂತರ ಬೇರೆಡೆಗೂ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುತ್ತಾರೆ. ಅವರ ಪಟ್ಟಿಗೆ ಆಸ್ಪತ್ರೆಯಿಂದ ಆಗಷ್ಟೇ ಬಂದವರ ಹೆಸರು ಮೊದಲು ಸೇರಬೇಕು. ಜಿಲ್ಲಾ ಆಸ್ಪತ್ರೆ ದಿನವೂ ಬಿಡುಗಡೆಯಾದವರ ವಿವರವನ್ನು, ರೋಗಿಯ ಒಪ್ಪಿಗೆ ಪಡೆದು, ಆಯಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದರೆ ತುಮಕೂರಿನ ಸದಾಶಿವನಗರದ ಮನೆಗಾಗಲಿ ಕುಣಿಗಲ್ಲಿನ ಹಳ್ಳಿಗಾಗಲಿ ಮೂರನೆಯ ದಿನ ಒಬ್ಬರು ಹೋಗಿ ಮಾತ್ರೆಯ ಹಾಳೆಗಳನ್ನು ಸಮ್ಮರಿಯ ಜೊತೆ ಇಟ್ಟು ತಾಳೆ ನೋಡಬಹುದು. ಹಳೆಯ ಮಾತ್ರೆಗಳಲ್ಲಿ ನಿಲ್ಲಿಸಬೇಕಾದದ್ದನ್ನು ವೈದ್ಯರನ್ನು ಕೇಳಿ ಬೇರೆ ತೆಗೆದಿಡಿಸಬಹುದು.