ಯಂತ್ರದ ಲೆಕ್ಕ ನೋಡುವವರು

ಒಂದು ಕಾಲಕ್ಕೆ ಲೆಕ್ಕಪರಿಶೋಧಕರು ಖಾತೆಪುಸ್ತಕದ ಹಾಳೆಗಳನ್ನು ತಿರುವಿದರೆ ಸಾಕಿತ್ತು. ಇಂದು ಬ್ಯಾಂಕಿನ ಲೆಕ್ಕವೆಲ್ಲ ಗಣಕಯಂತ್ರದ ಒಡಲು ಸೇರಿದೆ. ಆ ಯಂತ್ರವ್ಯವಸ್ಥೆಯನ್ನೇ ಪರಿಶೋಧಿಸಬಲ್ಲವರಿಗಾಗಿ ‘ಸಿಸಾ’ ಎಂಬ ಪ್ರಮಾಣಪತ್ರವೊಂದುಂಟು. 1969ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾಗಿ ಈಗ ಐಸಾಕಾ ಎನಿಸಿರುವ ಸಂಘವು ಅದನ್ನು 1978ರಲ್ಲಿ ಆರಂಭಿಸಿತು. ಬ್ಯಾಂಕುಗಳಲ್ಲಿಯೂ ಲೆಕ್ಕಪರಿಶೋಧನ ಸಂಸ್ಥೆಗಳಲ್ಲಿಯೂ ಅದಕ್ಕೆ ಮನ್ನಣೆಯುಂಟು.

ಪರೀಕ್ಷೆಯ ಅವಧಿ 4 ಗಂಟೆ, ಪ್ರಶ್ನೆಗಳು 150. ಆದರೆ ತೇರ್ಗಡೆಯಾದ ಮಾತ್ರಕ್ಕೆ ಪ್ರಮಾಣಪತ್ರ ಕೈಸೇರದು. 5 ವರ್ಷಗಳ ಅನುಭವವೂ ಬೇಕು. ವಿದ್ಯಾರ್ಹತೆಯನ್ನನುಸರಿಸಿ 3 ವರ್ಷಗಳವರೆಗೆ ವಿನಾಯಿತಿ ದೊರೆಯಬಹುದು. ಪಡೆದ ಬಳಿಕವೂ ಪ್ರತಿ 3 ವರ್ಷಕ್ಕೆ 120 ಗಂಟೆಗಳ ವ್ಯಾಸಂಗ ಕಡ್ಡಾಯ.

ಆದುದರಿಂದ ಮಗನ ಅಥವಾ ಮಗಳ ಶುಲ್ಕಕ್ಕೆಂದು ಉಳಿತಾಯದ ಹಣ ತೆಗೆಯುವ ತಂದೆತಾಯಿಗಳು ಮೊದಲು ಕೇಳಬೇಕಾದುದು ಇಷ್ಟೇ: ಈ ಕೆಲಸದಲ್ಲಿ ಅವರಿಗೆ ನಿಜವಾಗಿ ಅಭಿರುಚಿಯುಂಟೇ? ಪತ್ರವು ಸಂದರ್ಶನದ ಕೋಣೆಯವರೆಗೆ ಕರೆದೊಯ್ದೀತು. ಒಳಗೆ ಮಾತನಾಡುವುದು ಅನುಭವವೇ.