ಅಗಲ ನೋಡಿ ಬೆಲೆ ಕಟ್ಟಬೇಡಿ: ಬೈಜಾಂಟೈನ್ ನಾಣ್ಯಗಳ ಸುತ್ತಲಿನ ತಪ್ಪು ಕಲ್ಪನೆಗಳು

ಕಾನ್‌ಸ್ಟಾಂಟಿನೋಪಲ್ ಅನ್ನು ರಾಜಧಾನಿ ಮಾಡಿಕೊಂಡಿದ್ದ ಬೈಜಾಂಟೈನ್ ಸಾಮ್ರಾಜ್ಯ 1453ರಲ್ಲಿ ಅಳಿಯಿತು. ಅದಕ್ಕೂ ಮುಂಚಿನ ಸಾವಿರ ವರ್ಷಗಳಲ್ಲಿ ಅದು ಹೊರಡಿಸಿದ ನಾಣ್ಯಗಳನ್ನು ಸಾಲಾಗಿ ಇಟ್ಟರೆ ಒಂದು ಅಗಲ, ಇನ್ನೊಂದು ಪುಟಾಣಿ. ಒಂದು ಸಪಾಟು, ಮತ್ತೊಂದು ಬಾಗಿದ್ದು. ಇದನ್ನು ಕಂಡವರು ಟಂಕಸಾಲೆಯ ಅಜಾಗರೂಕತೆ ಎಂದೋ ಖೋಟಾ ಎಂದೋ ತೀರ್ಮಾನಿಸಿಬಿಡುತ್ತಾರೆ. ಆದರೆ ಈ ಏರುಪೇರುಗಳ ಹಿಂದೆ ಬಹುಮಟ್ಟಿಗೆ ಲೆಕ್ಕಾಚಾರವಿದೆ.

ತಪ್ಪು ಕಲ್ಪನೆ 1: ನಾಣ್ಯ ದೊಡ್ಡದಾದಷ್ಟೂ ಬೆಲೆ ಹೆಚ್ಚು.

ಸತ್ಯ: ಚಿನ್ನದ ನಾಣ್ಯದಲ್ಲಿ ನೋಡುತ್ತಿದ್ದುದು ತೂಕ ಮತ್ತು ಶುದ್ಧತೆ, ಅಗಲವಲ್ಲ. 4ನೇ ಶತಮಾನದ ಆರಂಭದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಜಾರಿಗೆ ತಂದ ಸಾಲಿಡಸ್, ಒಂದು ರೋಮನ್ ಪೌಂಡ್ ಚಿನ್ನಕ್ಕೆ 72ರಂತೆ ತಯಾರಾಗುತ್ತಿತ್ತು. ಒಂದೊಂದೂ ಸುಮಾರು 4.5 ಗ್ರಾಂ. ರಾಜಧಾನಿಯಲ್ಲಿ ಅದರ ಅಗಲ 20 ಮಿ.ಮೀ. ಆಸುಪಾಸು. 7ನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಕಾರ್ತೇಜ್ ಟಂಕಸಾಲೆ ಅದನ್ನೇ ಸುಮಾರು 12 ಮಿ.ಮೀ. ಅಗಲದ ದಪ್ಪ ಗುಂಡಿಯಂತೆ ಅಚ್ಚು ಹಾಕಿತು. ನೋಟಕ್ಕೆ ಚಿಕ್ಕದು, ತಕ್ಕಡಿಯಲ್ಲಿ ಸರಿಸಮ.

10ನೇ ಶತಮಾನದ ಚಕ್ರವರ್ತಿ 2ನೇ ನಿಕೆಫೊರಸ್ ತುಸು ಹಗುರವಾದ ‘ಟೆಟಾರ್ಟೆರಾನ್’ ಎಂಬ ಚಿನ್ನದ ನಾಣ್ಯ ಹೊರಡಿಸಿದ. ತೆರಿಗೆಯನ್ನು ಪೂರ್ಣ ತೂಕದ ನಾಣ್ಯದಲ್ಲಿ ವಸೂಲು ಮಾಡಿ, ಬಟವಾಡೆಯನ್ನು ಹಗುರ ನಾಣ್ಯದಲ್ಲಿ ಮಾಡಿದನೆಂದು 12ನೇ ಶತಮಾನದ ಇತಿಹಾಸಕಾರ ಜೊನಾರಸ್ ದೂರುತ್ತಾನೆ. ಮೊದಮೊದಲು ಎರಡೂ ನೋಡಲು ಒಂದೇ ಥರ ಇದ್ದವು. 11ನೇ ಶತಮಾನದ ಹೊತ್ತಿಗೆ ಪೂರ್ಣ ತೂಕದ ‘ಹಿಸ್ಟಮೆನಾನ್’ ಅಗಲವಾಗಿ ತೆಳ್ಳಗಾಯಿತು, ಟೆಟಾರ್ಟೆರಾನ್ ಚಿಕ್ಕದಾಗಿ ದಪ್ಪಗಾಯಿತು. ಗಾತ್ರದಿಂದಲೇ ಯಾವುದು ಯಾವುದೆಂದು ಹೇಳುವುದು ಸುಲಭವಾಯಿತು.

ತಪ್ಪು ಕಲ್ಪನೆ 2: ಒಂದೇ ಮುಖಬೆಲೆಯ ಎರಡು ನಾಣ್ಯಗಳ ತೂಕ ಬೇರೆಯಾದರೆ ಒಂದು ಖೋಟಾ.

ಸತ್ಯ: ತಾಮ್ರದ ನಾಣ್ಯಗಳನ್ನು ಒಂದೊಂದಾಗಿ ತೂಗಿ ಸರಿಪಡಿಸುತ್ತಿರಲಿಲ್ಲ. ಇಂತಿಷ್ಟು ಲೋಹಕ್ಕೆ ಇಂತಿಷ್ಟು ನಾಣ್ಯ ಎಂಬ ಲೆಕ್ಕ ಸರಿಹೋದರೆ ಸಾಕಿತ್ತು. ಹೀಗಾಗಿ ಒಂದೇ ಟಂಕಸಾಲೆಯಿಂದ ಒಂದೇ ವರ್ಷ ಬಂದವುಗಳಲ್ಲೂ ಕೆಲವು ಗ್ರಾಂಗಳ ವ್ಯತ್ಯಾಸವಿದೆ. ಅಧಿಕೃತ ತೂಕವೂ ಬದಲಾಗುತ್ತಿತ್ತು. ಚಕ್ರವರ್ತಿ ಅನಸ್ಟೇಸಿಯಸ್ 498ರಲ್ಲಿ ತಂದ ‘ಫಾಲಿಸ್’ ಎಂಬ ತಾಮ್ರದ ನಾಣ್ಯದ ತೂಕವನ್ನು ತಾನೇ 512ರಲ್ಲಿ ಇಮ್ಮಡಿ ಮಾಡಿದ. ಚಕ್ರವರ್ತಿ ಜಸ್ಟಿನಿಯನ್ 538ರಲ್ಲಿ ಇನ್ನೂ ಏರಿಸಿದ.

ಆ 538ರ ಫಾಲಿಸ್ ಒಂದನ್ನು ನೋಡಿ. ಅಗಲ ಸುಮಾರು 40 ಮಿ.ಮೀ., ತೂಕ 20 ಗ್ರಾಂಗೂ ಮೇಲೆ. ಮುಂಬದಿಯಲ್ಲಿ ಶಿರಸ್ತ್ರಾಣ ತೊಟ್ಟು ನಮ್ಮತ್ತಲೇ ನೋಡುವ ಚಕ್ರವರ್ತಿ; ಕೈಯಲ್ಲಿ ಶಿಲುಬೆಯಿರುವ ಗೋಳ. ಹಿಂಬದಿಯಲ್ಲಿ ದೊಡ್ಡ ‘ಎಂ’ ಅಕ್ಷರ. ಅದು ಗ್ರೀಕ್ ಲೆಕ್ಕದಲ್ಲಿ 40, ಅಂದರೆ ‘ನಮ್ಮಸ್’ ಎಂಬ ಅತಿ ಚಿಕ್ಕ ತಾಮ್ರದ ನಾಣ್ಯದ 40 ಪಟ್ಟು ಬೆಲೆ. ಪಕ್ಕದಲ್ಲಿ ಆಳ್ವಿಕೆಯ 12ನೇ ವರ್ಷವೆಂಬ ಬರಹ, ಕೆಳಗೆ ಟಂಕಸಾಲೆಯ ಗುರುತು. ಒಂದು ಶತಮಾನದ ನಂತರ ಅದೇ ‘ಎಂ’ ಹೊತ್ತ ಫಾಲಿಸ್ ಹಲವು ಬಾರಿ ಐದಾರು ಗ್ರಾಂ ಕೂಡ ತೂಗುವುದಿಲ್ಲ. ಯುದ್ಧಗಳು ಖಜಾನೆಯನ್ನು ಬರಿದು ಮಾಡಿದ್ದವು.

ತಪ್ಪು ಕಲ್ಪನೆ 3: ತೂಕ ಸರಿಯಿದ್ದರೆ ಚಿನ್ನವೂ ಅಪ್ಪಟ.

ಸತ್ಯ: ಶತಮಾನಗಳ ಕಾಲ ಇದು ನಿಜವಾಗಿತ್ತು. 11ನೇ ಶತಮಾನದಲ್ಲಿ ಚಕ್ರವರ್ತಿ 4ನೇ ಮೈಕೆಲ್ ಕಾಲದಿಂದ ಕಲಬೆರಕೆ ಶುರುವಾಯಿತು. ತೂಕ ಹೆಚ್ಚುಕಡಿಮೆ ಹಾಗೇ ಉಳಿದು, ಒಳಗಿನ ಚಿನ್ನ ಮಾತ್ರ ಕರಗುತ್ತಾ 1080ರ ದಶಕದಲ್ಲಿ ಹೆಸರಿಗಷ್ಟೇ ಚಿನ್ನದ ನಾಣ್ಯವಾಯಿತು. 1092ರಲ್ಲಿ ಚಕ್ರವರ್ತಿ ಅಲೆಕ್ಸಿಯಸ್ ಸುಮಾರು 20.5 ಕ್ಯಾರೆಟ್‌ನ ‘ಹೈಪರ್‌ಪೈರಾನ್’ ತಂದು ಪರಿಸ್ಥಿತಿ ಸುಧಾರಿಸಿದ.

ತಪ್ಪು ಕಲ್ಪನೆ 4: ಬಟ್ಟಲಿನಂತೆ ಬಾಗಿದ ನಾಣ್ಯಗಳು ಪೇರಿಸಿಡಲಿಕ್ಕೆ.

ಸತ್ಯ: ಪೇರಿಸಲು ಸಪಾಟು ನಾಣ್ಯವೇ ಅನುಕೂಲ. ತೆಳುವಾದ ಅಗಲ ಬಿಲ್ಲೆಗೆ ಗಡಸುತನ ಕೊಡಲು ಅಥವಾ ಬೇರೆ ನಾಣ್ಯಗಳಿಂದ ಬೇರ್ಪಡಿಸಿ ಗುರುತಿಸಲು ಬಾಗಿಸಿರಬಹುದು ಎಂಬುದು ವಿದ್ವಾಂಸರ ಊಹೆ. ಬಾಗಿದ ಅಚ್ಚಿನಿಂದ ಎರಡೆರಡು ಸಲ ಹೊಡೆಯಬೇಕಾಗುತ್ತಿದ್ದುದರಿಂದ ಇವುಗಳ ಮೇಲೆ ಚಿತ್ರ ಜೋಡಿಯಾಗಿ ಮೂಡಿರುವುದುಂಟು.

ತಪ್ಪು ಕಲ್ಪನೆ 5: ಚಿತ್ರ ಕಲಸಿಹೋಗಿದ್ದರೆ, ರಾಜನ ಹೆಸರಿಲ್ಲದಿದ್ದರೆ ಅದು ನಕಲಿ.

ಸತ್ಯ: ಚಕ್ರವರ್ತಿ ಹೆರಾಕ್ಲಿಯಸ್ ಕಾಲದಲ್ಲಿ (610–641) ಹಳೆಯ ತಾಮ್ರದ ನಾಣ್ಯಗಳ ಮೇಲೇ ಹೊಸ ಅಚ್ಚು ಒತ್ತುತ್ತಿದ್ದರು. ಹಾಗಾಗಿ ಹಳೆ ರಾಜನ ಮುಖ, ಅಕ್ಷರ ಅಡಿಯಿಂದ ಇಣುಕುತ್ತವೆ. 10ನೇ ಶತಮಾನದ ಕೊನೆಯ ಭಾಗದಿಂದ 1092ರವರೆಗಿನ ತಾಮ್ರದ ಫಾಲಿಸ್‌ಗಳಲ್ಲಿ ಬಹುಪಾಲಿನಲ್ಲಿ ಚಕ್ರವರ್ತಿಯ ಹೆಸರೇ ಇಲ್ಲ. ಕ್ರಿಸ್ತನ ಚಿತ್ರ, ಅವನೇ ರಾಜಾಧಿರಾಜನೆಂಬ ಬರಹ ಇವೆ. ಅವೂ ಅಧಿಕೃತವೇ.

ತಪ್ಪು ಕಲ್ಪನೆ 6: ಇದೆಲ್ಲ ದೂರದ ಕಥೆ, ನಮ್ಮ ನೆಲಕ್ಕೆ ಸಂಬಂಧವಿಲ್ಲ.

ಸತ್ಯ: ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಬೈಜಾಂಟೈನ್ ಚಿನ್ನದ ನಾಣ್ಯಗಳ ನಿಧಿ ಸಿಕ್ಕಿದೆ. ದಕ್ಷಿಣ ಭಾರತದಲ್ಲಿ ದೊರೆತ ಇಂಥ ನಾಣ್ಯಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಜೋಡಿ ತೂತುಗಳಿವೆ; ಅವನ್ನು ಒಡವೆಯಾಗಿ ಧರಿಸುತ್ತಿದ್ದಿರಬೇಕು. ಇಲ್ಲೇ ತಯಾರಾದ ಅನುಕರಣೆಗಳೂ ಸಿಕ್ಕಿವೆ.

ಆದ್ದರಿಂದ ಬೈಜಾಂಟೈನ್ ನಾಣ್ಯ ಕೈಗೆ ಬಂದರೆ ಲೋಹ ಯಾವುದು, ಟಂಕಸಾಲೆ ಯಾವುದು, ಯಾರ ಕಾಲದ್ದು ಎಂದು ಮೊದಲು ನೋಡಿ. ಅಸಲಿಯೋ ನಕಲಿಯೋ ಎಂದು ಆಮೇಲೆ ತೀರ್ಮಾನಿಸಿ. ಹೊಳಪು ಬರಿಸಲು ಉಜ್ಜಬೇಡಿ. ಉಜ್ಜಿದರೆ ಓದಬೇಕಾದ ಅಕ್ಷರಗಳೇ ಅಳಿಸಿಹೋಗುತ್ತವೆ.